ಹನ್ನೆರಡು ಕಿಲೋ ಮೀರಬಾರದು

ಕಡಿಮೆ ಸಾಮಾನಿನಲ್ಲಿ ದೂರ ಹೋಗುತ್ತೇನೆ ಎಂದು ನಮ್ಮ ಕಡೆ ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಏನಾದರೊಂದು ಆಗುತ್ತಲೇ ಇರುತ್ತದೆ. ನಾನು ಹೇಳಿದೆ. ಆದದ್ದನ್ನು ಆದ ಕ್ರಮದಲ್ಲೇ ಬರೆದಿದ್ದೇನೆ.

ನಾನು ಬೆಟಗೇರಿಯವನು. ಬಿ.ಎಸ್ಸಿ. ಮುಗಿಸಿ ಗದಗಿನ ಒಂದು ಕಾಲೇಜಿನ ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸಕ್ಕಿದ್ದೇನೆ. ಎರಡು ವರ್ಷದಿಂದ ಒಂದೇ ಆಸೆ: ಬೈಕಿನ ಮೇಲೆ ಒಬ್ಬನೇ ಲಡಾಖಿಗೆ ಹೋಗಿ ಬರುವುದು. ಅಭ್ಯಾಸಕ್ಕೆಂದು ಒಂದು ಭಾನುವಾರ ಪೂರ್ತಿ ಸಾಮಾನು ಹೇರಿಕೊಂಡು ಮಾಗಡಿ ಕೆರೆಯ ಹಿಂದಿನ ಹೊಲದ ದಾರಿಗೆ ಇಳಿದೆ. ಎರೆಮಣ್ಣು. ಹೊಲಕ್ಕೆ ಬಿಟ್ಟ ನೀರು ದಾರಿಗೂ ಹರಿದಿತ್ತು. ಗಾಡಿ ಮಲಗಿತು. ಎತ್ತಲು ಆಗಲಿಲ್ಲ. ಚೀಲ ಬಿಚ್ಚಿ, ಒಂದೊಂದೇ ಸಾಮಾನನ್ನು ಬದುವಿನ ಮೇಲೆ ಇಟ್ಟು, ನಲವತ್ತು ನಿಮಿಷದ ನಂತರ ಎತ್ತಿದೆ. ಕೆರೆಯ ಹಕ್ಕಿಗಳು ಅಷ್ಟು ಹೊತ್ತೂ ನನ್ನನ್ನೇ ನೋಡಿದವು.

ಅಪ್ಪ ನೇಕಾರರು. ಮಾತು ಕಡಿಮೆ. ನನ್ನ ಮೈಮೇಲಿನ ಕೆಸರು ನೋಡಿ ವಿಷಯ ಕೇಳಿ ತಿಳಿದುಕೊಂಡರು.

“ಅಲ್ಲಿ ಗುಡ್ಡದಾಗ ಬಿದ್ರ ಯಾರು ಬರ್ತಾರ? ಹೋಗೂ ಹಿಂದಿನ ದಿನ ಸಾಮಾನ ಸಮೇತ ಗಾಡಿ ಕೆಡವಿ, ಒಬ್ಬನಽ ಎತ್ತಿ ತೋರಸು. ಎತ್ತಿದ್ರ ಹೋಗು. ಇಲ್ಲಂದ್ರ ಇಲ್ಲ.”

ಲೆಕ್ಕ ಹಾಕಿದೆ. ನನ್ನ ತೋಳಿನ ಶಕ್ತಿಗೆ ಸಾಮಾನು ಹನ್ನೆರಡು ಕಿಲೋ ಮೀರುವಂತಿರಲಿಲ್ಲ. ಅವತ್ತಿನಿಂದ ನನ್ನ ನೆಮ್ಮದಿ ಹೋಯಿತು.

೧. ಆರು ಗ್ರಾಂ

ನೂಲು ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಮನೆಯಲ್ಲೇ ಇತ್ತು. ಪ್ರತಿ ವಸ್ತುವನ್ನೂ ತೂಗಿ ಹಾಳೆಯ ಮೇಲೆ ಬರೆದೆ. ಅಂಗಿ ಎರಡೇ. ಟವೆಲನ್ನು ಅರ್ಧಕ್ಕೆ ಕತ್ತರಿಸಿದೆ. ಹಲ್ಲುಜ್ಜುವ ಬ್ರಶ್ಶಿನ ಹಿಡಿಕೆಯನ್ನು ಗರಗಸದಿಂದ ಕೊಯ್ದು ಎಸೆದೆ. ಆರು ಗ್ರಾಂ ಉಳಿಯಿತು. ಒಟ್ಟು ಹನ್ನೊಂದು ಕಿಲೋ ಒಂಬೈನೂರು. ಆ ಸಂಜೆ ಹೊಟ್ಟೆ ತುಂಬ ಉಂಡೆ.

ಬೆಳಿಗ್ಗೆ ತೂಗಿದರೆ ಹದಿಮೂರು ಕಿಲೋ ನಾನೂರಾ ಆರು. ಚೀಲದ ತಳದಲ್ಲಿ ಒಂದು ಡಬ್ಬಿ ಸಿಕ್ಕಿತು.

“ಅವ್ವಾ, ಇದೇನು?”

“ಶೇಂಗಾ ಚಟ್ನಿ. ಬರೇ ಪುಡಿ ಐತಿ.”

“ಪುಡಿ ಆದ್ರೂ ಒಂದೂವರಿ ಕಿಲೋ ಐತಿ.”

“ಶೇಂಗಾ ಇದ್ದಾಗ ಭಾರ ಇತ್ತು ಖರೆ. ಕುಟ್ಟಿ ಕುಟ್ಟಿ ಪುಡಿ ಮಾಡೀನಲ್ಲೋ, ಇನ್ನ ಎಲ್ಲಿ ಭಾರ?”

ಕುಟ್ಟಿದರೆ ತೂಕ ಕಡಿಮೆಯಾಗುವುದಿಲ್ಲ ಎಂದು ವಿಜ್ಞಾನದ ನಿಯಮ ಹೇಳಿ ವಿವರಿಸಿದೆ. ಅವ್ವ ಪೂರ್ತಿ ಕೇಳಿದಳು. “ಅದಕ್ಕಽ ನೀ ಸೊರಗೀದಿ,” ಅಂದಳು.

ಡಬ್ಬಿ ತೆಗೆದು ಮತ್ತೆ ತೂಗಿದೆ. ಆರು ಗ್ರಾಂ ಇನ್ನೂ ಹೆಚ್ಚಿತ್ತು. ಇಡೀ ಚೀಲ ಬರಿದು ಮಾಡಿ ಹುಡುಕಿದೆ. ನಾನು ಕೊಯ್ದು ಎಸೆದಿದ್ದ ಹಿಡಿಕೆ, ತೊಳೆದು, ಕಾಗದದಲ್ಲಿ ಸುತ್ತಿ ಇಟ್ಟಿತ್ತು.

“ಹೊಸಾದು ಐತಿ, ಯಾಕ ಒಗೀತಿ? ಅಲ್ಲಿ ಹೋಗಿ ಜೋಡಸ್ಕೊ.”

೨. ಖಾಲಿ ಚೀಲ

ಅಪ್ಪನ ಅಕ್ಕ, ಅಂದರೆ ನನ್ನ ಅತ್ತಿ, ಲಕ್ಷ್ಮೇಶ್ವರದಲ್ಲಿದ್ದಾಳೆ. ಹೇಳದೆ ಹೋದರೆ ವರ್ಷಗಟ್ಟಲೆ ಮಾತು ಬಿಡುತ್ತಾಳೆ. ಹೋದೆ. ತಪ್ಪು ಮಾಡಿದ್ದು ನಾನೇ: ಅಭ್ಯಾಸವಾಗಲೆಂದು ಬೈಕಿಗೆ ಸಾಮಾನಿನ ಚೀಲ ಕಟ್ಟಿಕೊಂಡೇ ಹೋಗಿದ್ದೆ. ಅದರ ಬಾಯಿ ಹತ್ತಿರ ಒಂದು ಗೇಣು ಜಾಗ ಬೇಕೆಂದೇ ಬಿಟ್ಟಿದ್ದೆ.

ನಮ್ಮಲ್ಲಿ ಬಂದವರನ್ನು ಖಾಲಿ ಚೀಲದಲ್ಲಿ ಕಳಿಸುವ ಪದ್ಧತಿ ಇಲ್ಲ. ಅತ್ತಿ ನನ್ನ ಮುಖ ನೋಡುವ ಮೊದಲು ಚೀಲ ನೋಡಿದಳು.

“ಅಯ್ಯ, ಇನ್ನೂ ಜಾಗಾ ಐತಲ್ಲೋ!”

“ಅದು ಇರಬೇಕಾದ್ದಽ ಜಾಗಾ, ಅತ್ತಿ.”

“ಅಳಿಯಾ ಖಾಲಿ ಚೀಲ ತುಗೊಂಡ್ ಹೋದ್ನಂತ ಮಂದಿ ಆಡಿಕೊಳ್ಳಾಕೇನು?”

ನಾನು ಚಹಾ ಕುಡಿಯುವುದರೊಳಗೆ ಖಡಕ್ ರೊಟ್ಟಿ ಬಂದವು. ಎಣಿಸಿದೆ, ನಲವತ್ತು. ಮೇಲೆ ಒಂದು ಕೌದಿ. ಹಳೆಯ ಸೀರೆಗಳನ್ನು ಒಂದರ ಮೇಲೊಂದು ಇಟ್ಟು ಹೊಲಿದದ್ದು. ನನ್ನ ಅಂದಾಜಿನಲ್ಲಿ ನಾಲ್ಕು ಕಿಲೋ.

“ಅಲ್ಲಿ ಥಂಡಿ ಭಾಳ ಅಂತ.”

“ಥಂಡಿಗೆ ಇದೈತಿ,” ಎಂದು ಸ್ಲೀಪಿಂಗ್ ಬ್ಯಾಗ್ ಬಿಚ್ಚಿ ತೋರಿಸಿದೆ. “ಒಂಬೈನೂರು ಗ್ರಾಂ ಅಷ್ಟಽ. ಇದರೊಳಗ ಮಲಗೂದು.”

ಅತ್ತಿ ಅದರೊಳಗೆ ಕೈ ಹಾಕಿ ತಳ ಮುಟ್ಟಿ ನೋಡಿದಳು. ನನಗೆ ಕೊಂಚ ಆಸೆ ಹುಟ್ಟಿತು.

“ಛಲೋ ಐತಿ,” ಅಂದಳು. “ರೊಟ್ಟಿ ಮುರಿಯಂಗಿಲ್ಲ.” ನಲವತ್ತನ್ನೂ ಅದರೊಳಗೆ ತುಂಬಿದಳು.

೩. ಒಟ್ಟು ಬದಲಾಗಿಲ್ಲ

ನನಗೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಗುರುಗಳು ಈಗ ನಿವೃತ್ತರಾಗಿ ಮುಂಡರಗಿಯಲ್ಲಿದ್ದಾರೆ. ಗ್ರಾಂ ಅಂದರೆ ಏನೆಂದು ತಿಳಿದವರು ಅವರೊಬ್ಬರಾದರೂ ಇದ್ದಾರಲ್ಲ ಎಂದು ಪಟ್ಟಿ ಹಿಡಿದು ಹೋದೆ. ರೊಟ್ಟಿ, ಕೌದಿಯನ್ನೆಲ್ಲ ಅವ್ವನಿಗೆ ಒಪ್ಪಿಸಿ, ಮತ್ತೆ ಹೊಂದಿಸಿ, ಬರೋಬ್ಬರಿ ಹನ್ನೆರಡಕ್ಕೆ ತಂದಿದ್ದೆ.

ಗುರುಗಳು ಕನ್ನಡಕ ಏರಿಸಿ, ಕೆಂಪು ಪೆನ್ನು ತೆಗೆದರು. ಒಂದೊಂದು ಸಾಲಿನ ಮುಂದೆಯೂ ಗುರುತು ಹಾಕಿದರು. “ಶಾಣ್ಯಾ ಅದಿ,” ಅಂದರು. ನನ್ನ ಹೆಗಲು ಹಗುರವಾಯಿತು.

“ದಿಲ್ಲಿ ನಿನ್ನ ದಾರ್ಯಾಗಽ ಬರ್ತೈತಿ ಹೌದಲ್ಲೋ?”

“ಹೌದ್ರಿ ಸರ್.”

“ಅಲ್ಲಿ ನನ್ನ ಮಗಳು ಅದಾಳ. ಮಾವಿನಕಾಯಿ ಉಪ್ಪಿನಕಾಯಿ ಒಂದ ಬಾಟ್ಲಿ ಒಯ್ಯಿ. ಏಳನೂರು ಗ್ರಾಂ ಅಷ್ಟಽ.”

“ಸರ್, ಒಂದ ಗ್ರಾಂ ಹೆಚ್ಚಾದ್ರೂ ಎತ್ತಾಕ ಆಗಂಗಿಲ್ರಿ.”

“ಯಾರು ಹೆಚ್ಚು ಮಾಡು ಅಂದ್ರು?” ಅವರು ಪಟ್ಟಿಯ ಮೇಲೆ ಬೆರಳಾಡಿಸಿದರು. ‘ಪಂಕ್ಚರ್ ತಿದ್ದುವ ಸಾಮಾನು, ಗಾಳಿ ಪಂಪು: ೭೦೦ ಗ್ರಾಂ’ ಎಂಬಲ್ಲಿ ನಿಂತರು. ಅದನ್ನು ಹೊಡೆದು ಹಾಕಿ, ಮೇಲೆ ಸಣ್ಣ ಅಕ್ಷರದಲ್ಲಿ ‘ಉಪ್ಪಿನಕಾಯಿ’ ಎಂದು ಬರೆದರು.

“ನೋಡು. ಒಟ್ಟು ಬದಲಾಗಿಲ್ಲ.”

೪. ಓಣಿ

ಹೊರಡುವ ಹಿಂದಿನ ದಿನ ಬಂತು. ಮನೆ ಮುಂದೆ ಗೋಣಿಚೀಲ ಹಾಸಿ, ಅದರ ಮೇಲೆ ಸಾಮಾನು ಸಮೇತ ಗಾಡಿಯನ್ನು ಮಲಗಿಸಿದೆ. ಬೆನ್ನು ಗಾಡಿಗೆ ಹಚ್ಚಿ, ಒಂದು ಕೈ ಹ್ಯಾಂಡಲಿಗೆ, ಇನ್ನೊಂದು ಹಿಂದಿನ ಕ್ಯಾರಿಯರಿಗೆ ಕೊಟ್ಟು, ಕಾಲಿನಿಂದ ತಳ್ಳಿದೆ. ಹೂವಿನಂತೆ ಎದ್ದಿತು. ನನಗೇ ನಂಬಿಕೆಯಾಗಲಿಲ್ಲ. ತಿರುಗಿದರೆ ಓಣಿಯ ನಾಲ್ಕು ಮಂದಿ ಗಾಡಿ ಹಿಡಿದು ನಿಂತಿದ್ದರು.

“ಪೆಟ್ಟಾತೇನೋ ತಮ್ಮಾ?”

“ನಡಿಯಂಗಿಲ್ಲ, ಮತ್ತ ಕೆಡವು,” ಅಂದರು ಅಪ್ಪ.

ಇದು ಪರೀಕ್ಷೆ, ಯಾರೂ ಮುಟ್ಟಬಾರದು ಎಂದು ಎಲ್ಲರಿಗೂ ಹೇಳಿದೆ. “ಹೂಂ, ನಾವು ಬರೇ ನೋಡ್ತೀವಿ,” ಅಂದರು. ಮತ್ತೆ ಮಲಗಿಸಿ ತಳ್ಳಿದೆ. ಮತ್ತೆ ಹೂವಿನಂತೆ ಎದ್ದಿತು.

“ಏನ್ ಮಾಡೂದೋ, ನೀ ಕುಂಯ್ ಅಂದಿ, ಕೈ ತಾನಽ ಬಂತು.”

ಮೂರನೆಯ ಸಲ ಅವರೆಲ್ಲ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತರು. ಆ ಹೊತ್ತಿಗೆ ತಿರುವಿನಲ್ಲಿ ಬಂದ ಕಾಯಿಪಲ್ಲೆಯವನು ತಳ್ಳುಗಾಡಿಯನ್ನು ನಡುರಸ್ತೆಯಲ್ಲೇ ಬಿಟ್ಟು ಓಡಿಬಂದು ಎತ್ತಿಕೊಟ್ಟ. ಬದನೆಕಾಯಿ ಓಣಿಯ ತುಂಬ ಉರುಳಿದವು. ಅವನ್ನು ಆರಿಸಲು ಮಾತ್ರ ಯಾರೂ ಬರಲಿಲ್ಲ, ನಾನೊಬ್ಬನೇ ಆರಿಸಿದೆ.

೫. ಮಂದಿ ಇಲ್ಲದ ಜಾಗ

“ಮಂದಿ ಇಲ್ಲದಲ್ಲಿ ಹೋಗೂಣ ನಡಿ,” ಅಂದರು ಅಪ್ಪ. ಅವರು ಸ್ಕೂಟರಿನಲ್ಲಿ, ನಾನು ಬೈಕಿನಲ್ಲಿ. ಶಿರಹಟ್ಟಿ ದಾಟಿ ಬೆಳ್ಳಟ್ಟಿ ರಸ್ತೆಗೆ ಹೋದೆವು. ನಡುಮಧ್ಯಾಹ್ನ. ಎರಡೂ ಕಡೆ ಬರೀ ಹೊಲ. ಒಂದು ನಾಯಿಯೂ ಇರಲಿಲ್ಲ.

ರಸ್ತೆಯ ಅಂಚಿನಲ್ಲಿ ಗಾಡಿ ಮಲಗಿಸಿದೆ. ಅಪ್ಪ ಹತ್ತು ಹೆಜ್ಜೆ ದೂರ ಹೋಗಿ ಕೈಕಟ್ಟಿ ನಿಂತರು. ಈ ಸಲ ಆಗದಿದ್ದರೆ ಎರಡು ವರ್ಷದ ಆಸೆ ಇಲ್ಲೇ ಮುಗಿಯಿತು. ಕೂತು, ಬೆನ್ನು ಹಚ್ಚಿ, ಉಸಿರು ಹಿಡಿದು ತಳ್ಳಿದೆ. ಅರ್ಧಕ್ಕೆ ಬಂತು. ಅಷ್ಟರಲ್ಲಿ ಬ್ರೇಕಿನ ಸದ್ದು.

ಬಸ್ಸು. ಡ್ರೈವರ್ ಇಳಿದ, ಕಂಡಕ್ಟರ್ ಇಳಿದ, ಹಿಂದೆ ಒಂದು ಹತ್ತು ಮಂದಿ ಇಳಿದರು. ಬೈಕಿನ ಜೊತೆಗೆ ನನ್ನನ್ನೂ ಎತ್ತಿ ನಿಲ್ಲಿಸಿದರು. ಒಬ್ಬರು ನೀರು ಕುಡಿಸಿದರು, ಇನ್ನೊಬ್ಬರು ಮೊಣಕಾಲು ತಿಕ್ಕಿದರು. ಪರೀಕ್ಷೆ ಎಂದು ಹೇಳಲು ನನಗೆ ಸಂದು ಸಿಗಲಿಲ್ಲ. ಕಿಟಕಿಯಿಂದ ಒಬ್ಬ ಮುದುಕಿ ಅಪ್ಪನ ಕಡೆ ಕೈ ನೀಡಿ ಬೈಯತೊಡಗಿದಳು.

“ಏನೋ ಯಪ್ಪಾ! ಹುಡುಗ ಬಿದ್ದು ಒದ್ದಾಡಾಕತ್ತೈತಿ, ಕೈಕಟ್ಕೊಂಡು ನೋಡಾಕತ್ತೀಯಲ್ಲ! ನಿನ್ನ ಸ್ವಂತ ಮಗಾ ಆಗಿದ್ರ ಹಿಂಗ ನಿಲ್ತಿದ್ದೇನು?”

ಅಪ್ಪ ಕಟ್ಟಿದ್ದ ಕೈ ಬಿಟ್ಟರು. ಬಸ್ಸು ಹೋಯಿತು.

ಧೂಳು ಇಳಿದ ಮೇಲೆ ಅಪ್ಪ ರಸ್ತೆಯ ಎರಡೂ ಕಡೆ ನೋಡಿದರು. ತಾವೇ ಬಂದು ಗಾಡಿಯನ್ನು ಮಲಗಿಸಿದರು. “ಜಲ್ದಿ ಎತ್ತು. ಇನ್ನೊಂದು ಬಸ್ ಬರೂದ್ರಾಗ.”

ತಳ್ಳಿದೆ. ಅರ್ಧಕ್ಕೆ ಬಂದು ನಿಂತಿತು. ಹಲ್ಲು ಕಚ್ಚಿ ಮತ್ತೊಮ್ಮೆ ತಳ್ಳಿದೆ. ಗಾಡಿ ಎದ್ದು ನಿಂತಿತು. ಕೂಗಬೇಕೆಂದು ತಿರುಗಿದೆ. ಅಪ್ಪನ ಎರಡೂ ಕೈ ಕ್ಯಾರಿಯರಿನ ಮೇಲಿದ್ದವು.

ನಾನು ಅವರನ್ನು ನೋಡಿದೆ. ಅವರು ಹೊಲ ನೋಡಿದರು. ಇಬ್ಬರೂ ಗಾಡಿ ಹತ್ತಿ ಮನೆಗೆ ತಿರುಗಿದೆವು.

ಮನೆಯ ಬಾಗಿಲಲ್ಲೇ ಅವ್ವ ನಿಂತಿದ್ದಳು. “ಏನ್ರಿ, ಒಬ್ಬನಽ ಎತ್ತಿದನೇನ್ರಿ?”

ಅಪ್ಪ ಸುಳ್ಳು ಹೇಳುವವರಲ್ಲ. ಚಪ್ಪಲಿ ಬಿಟ್ಟರು, ಕಾಲು ತೊಳೆದರು, ಟವೆಲಿನಿಂದ ಮುಖ ಒರೆಸಿಕೊಂಡರು.

“ಹೂಂ, ಒಬ್ಬನಽ ಎತ್ತಿದ. ನಾಳೆ ಹೋಗಲಿ,” ಅಂದರು. “ಇಬ್ಬರೂ ಕೂಡಿ ಎತ್ತಿದ್ವಿ.”