ಯಾರಿಗೂ ಗೊತ್ತಿಲ್ಲದ ಆಮ್‌ಸ್ಟರ್‌ಡ್ಯಾಮ್

ಟ್ರಾವೆಲ್ ಆಫೀಸಿನ ಕೌಂಟರಿನಲ್ಲಿ ಕೂತವನು ನಗುವುದಕ್ಕೆ ಬೇರೆಲ್ಲೂ ಹೋಗಬೇಕಿಲ್ಲ ಮಾರಾಯ್ರೆ. ಟಿಕೆಟ್ ತೆಗೆದುಕೊಂಡು ಹೋದವರು ಸುಮ್ಮನೆ ವಾಪಸು ಬರುವುದೇ ಇಲ್ಲ, ಒಂದಲ್ಲ ಒಂದು ಕಥೆ ಹೊತ್ತುಕೊಂಡೇ ಬರುತ್ತಾರೆ. ಮಸ್ಕತ್‌ನ ಅಲ್ ಖುವೈರ್‌ನಲ್ಲಿ ಹನ್ನೆರಡು ವರ್ಷದಿಂದ ಅಂಥ ಕೌಂಟರಿನಲ್ಲಿ ಕೂತು ಬೇರೆಯವರ ಕಥೆಗೆ ನಕ್ಕಿದ್ದೇನೆ. ನ್ಯಾಯವಾಗಿ ನೋಡಿದರೆ ಈಗ ನನ್ನ ಕಥೆಯನ್ನೂ ಹೇಳಬೇಕು.

೧. ನಾನು ತಜ್ಞನಾದದ್ದು

ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ನಮ್ಮ ಆಫೀಸಿಗೆ ಬಾಗಿಲು ಹಾಕಿರುತ್ತದೆ. ಉಳಿದವರು ಮನೆಗೆ ಹೋಗಿ ಮಲಗುತ್ತಾರೆ. ನಾನು ಬುತ್ತಿ ಮುಗಿಸಿ, ಕಂಪ್ಯೂಟರಿನಲ್ಲಿ ಆಮ್‌ಸ್ಟರ್‌ಡ್ಯಾಮಿನ ನಕ್ಷೆ ತೆರೆದು, ಒಂದೊಂದೇ ಕಾಲುವೆ ಹಿಡಿದು ಸುತ್ತುತ್ತಿದ್ದೆ. ಉಡುಪಿ ಕಡೆ ಹೊಳೆಯ ಬದಿಯಲ್ಲಿ ಬೆಳೆದವನು ನಾನು. ಊರಿಡೀ ನೀರು, ನೀರಿನ ಮೇಲೆ ಮನೆ ಅಂದರೆ ಒಂದು ನಮೂನೆ ಹುಚ್ಚು.

ಒಮ್ಮೆ ವಾದಿ ಅದಾಯ್‌ನ ಶೋರೂಮಿನ ಮ್ಯಾನೇಜರ್ ಒಬ್ಬರು ಬಂದು, "ಎಲ್ಲರೂ ನೋಡುವ ಟುಲಿಪ್ ತೋಟ, ಮ್ಯೂಸಿಯಂ ಎಲ್ಲ ಬೇಡ. ಯಾರಿಗೂ ಗೊತ್ತಿಲ್ಲದ ಜಾಗ ಹೇಳಿ" ಅಂದರು. "ಇಂಥ ಗಲ್ಲಿಯಲ್ಲಿ ಒಂದು ಸಾದಾ ಬಾಗಿಲು ಇದೆ. ಹಗಲಿಗೆ ತೆರೆದಿರುತ್ತದೆ, ದೂಡಿ. ಒಳಗೆ ಹೂವಿನ ಅಂಗಳ, ಸುತ್ತ ಪುಟ್ಟ ಪುಟ್ಟ ಮನೆಗಳು. ಪಿಸುಮಾತಿನಲ್ಲಿ ಮಾತಾಡಿ" ಅಂದೆ. ಅವರು ಹೋದರು, ದೂಡಿದರು, ನೋಡಿದರು. ಬಂದವರು ನನಗೆ ಒಂದು ಡಬ್ಬಿ ಹಲ್ವಾ ತಂದುಕೊಟ್ಟರು.

"ನೀವು ಎಷ್ಟು ಸಲ ಹೋಗಿದ್ದೀರಿ ಸ್ವಾಮಿ?" ಅಂತ ಕೇಳಿದರು.

ನನ್ನ ಬಾಯಿಯಲ್ಲಿ ಹಲ್ವಾ ಇತ್ತು. ನಕ್ಕುಬಿಟ್ಟೆ. ಅಲ್ಲಿಗೆ ಮಸ್ಕತ್‌ನ ಕನ್ನಡಿಗರಿಗೆಲ್ಲ ನಾನು ಆಮ್‌ಸ್ಟರ್‌ಡ್ಯಾಮ್ ತಜ್ಞ. ನನ್ನ ಪಾಸ್‌ಪೋರ್ಟಿನಲ್ಲಿ ಇದ್ದದ್ದು ಮಸ್ಕತ್–ಮಂಗಳೂರು, ಮಂಗಳೂರು–ಮಸ್ಕತ್ ಅಷ್ಟೇ. ಹೋಗಿದ್ದೇನೆ ಅಂತ ಯಾರಿಗೂ ಸುಳ್ಳು ಹೇಳಿದವನಲ್ಲ. ಹಲ್ವಾ ಕೊಡುವವರಿಗೆ ನಿಜ ಹೇಳಲಿಲ್ಲ, ಅಷ್ಟೇ.

೨. ದೋಣಿ ಹತ್ತಿದವರು

ಸುವೈಕ್‌ನಲ್ಲಿ ಬಟ್ಟೆ ಅಂಗಡಿ ಇಟ್ಟ ನಮ್ಮ ತುಳುವ ಸಾಹುಕಾರ ಶೆಟ್ರು ಹೆಂಡತಿಯ ಜೊತೆ ಹೊರಟರು. ಅವರಿಗೂ ಒಂದು ಗುಟ್ಟು ಹೇಳಿಕೊಟ್ಟೆ: "ರೈಲು ನಿಲ್ದಾಣದ ಹಿಂದೆ ಹೋಗಿ. ಅಲ್ಲಿ ದೊಡ್ಡ ದೋಣಿ ಬರುತ್ತದೆ, ಟಿಕೆಟ್ಟೇ ಇಲ್ಲ. ಹತ್ತಿ, ಆಚೆ ದಡದ ಊರೇ ಬೇರೆ, ಟೂರಿಸ್ಟರ ಗಲಾಟೆ ಇಲ್ಲ."

ಬಂದ ಮೇಲೆ ಕೇಳಿದೆ, "ಆಚೆ ದಡ ಹೇಗಿತ್ತು ಶೆಟ್ರೆ?"

"ದೋಣಿ ಚಂದ ಇತ್ತು."

"ಅದು ಸರಿ, ಆಚೆ ದಡ?"

"ದೂರದಿಂದ ಚಂದ ಕಾಣ್ತಿತ್ತು."

ವಿಷಯ ಏನೆಂದರೆ, ಗಂಡ ಹೆಂಡತಿ ಇಬ್ಬರೂ ಕೂತಲ್ಲೇ ಕೂತು ಅರ್ಧ ದಿನ ಆಚೆ ಈಚೆ ಹೋಗಿ ಬಂದಿದ್ದರು. ತಲೆ ಚಚ್ಚಿಕೊಂಡೆ. "ಅಯ್ಯೋ, ಇಳಿಯಬೇಕಿತ್ತಲ್ಲ!"

ಶೆಟ್ರು ನನ್ನ ಮೇಲೆಯೇ ರೇಗಿದರು. "ಹತ್ತಿ ಅಂತ ಹೇಳಿದ್ದು ನೀವು. ಇಳೀರಿ ಅಂತ ಹೇಳಿದ್ರಾ?"

೩. ತಜ್ಞನಿಗೆ ಬಂದ ಕಷ್ಟ

ಹೀಗೇ ನಡೆಯುತ್ತಿರುವಾಗ ಕೌಂಟರಿಗೆ ಮೈಸೂರಿನ ಟೀಚರಮ್ಮ ಬಂದರು. ಇಲ್ಲಿಯ ಶಾಲೆಯಲ್ಲಿ ಇಪ್ಪತ್ತೈದು ವರ್ಷ ಪಾಠ ಮಾಡಿ ನಿವೃತ್ತರಾದವರು. ಗಂಡ ಇಂಜಿನಿಯರ್. ಮುಂದಿನ ತಿಂಗಳು ಇಬ್ಬರೂ ಮಸ್ಕತ್ ಬಿಟ್ಟು ಊರಿಗೆ ಹೊರಡುವವರು. ಅದಕ್ಕೆ ಮೊದಲು ಇನ್ನೆರಡು ಜೋಡಿ ಗೆಳೆಯರ ಜೊತೆ ಒಂದು ಪ್ರವಾಸ ಆಗಬೇಕಿತ್ತು.

"ನೋಡಿಪ್ಪಾ, ನಮ್ಮ ಜನ್ಮಕ್ಕೆ ಯುರೋಪು ಇದೊಂದೇ ಸಲ. ಯಾರೂ ನೋಡಿರದ್ದನ್ನ ನೋಡಬೇಕು. ನೀವೇ ಜೊತೆಗೆ ಬರಬೇಕು" ಅಂದರು.

ನಾನು ಬಾಯಿ ತೆರೆಯುವ ಮೊದಲೇ ಒಳಗಿನಿಂದ ನಮ್ಮ ಒಮಾನಿ ಅರ್ಬಾಬ್, ಅಂದರೆ ಮಾಲೀಕರು, ಕೂಗಿದರು, "ಖಲಾಸ್! ಇವನೇ ಬರುತ್ತಾನೆ. ಯಲ್ಲಾ!"

ನಾನು ಆ ಊರನ್ನೇ ಕಂಡಿಲ್ಲ ಅಂತ ಗೊತ್ತಾದರೆ ಹನ್ನೆರಡು ವರ್ಷದ ಹೆಸರು ಮಣ್ಣುಪಾಲು. ಆಮೇಲೆ ಯಾವ ಮುಖ ಇಟ್ಟುಕೊಂಡು ಕೌಂಟರಿನಲ್ಲಿ ಕೂರುವುದು? ಅದಕ್ಕಿಂತ ಹೆಚ್ಚಾಗಿ, ಇದೊಂದೇ ಸಲ ಅಂತ ನಂಬಿ ಬರುವ ಆ ಟೀಚರಮ್ಮನ ಪ್ರವಾಸ ಹಾಳಾದರೆ? ಮನೆಯಲ್ಲಿ ಹೆಂಡತಿಗೆ ಹೇಳಿದೆ. ಸಮಾಧಾನ ಮಾಡುತ್ತಾಳೆ ಅಂದುಕೊಂಡಿದ್ದೆ.

"ಸುವೈಕ್‌ಗೆ ಹೋಗುವಾಗ ರೌಂಡಬೌಟಿನಲ್ಲಿ ಮೂರು ಸುತ್ತು ಹಾಕುವ ಜನ ನೀವು. ಅಲ್ಲಿ ಹೋಗಿ ಕಾಲುವೆಗೆ ಬೀಳಬೇಡಿ, ಅಷ್ಟೇ ಸಾಕು" ಅಂದಳು.

೪. ಗಂಟೆ ಬಾರಿಸುವ ಊರು

ಮಸ್ಕತ್‌ನ ನಮ್ಮ ಜನಕ್ಕೆ ನಡೆಯುವುದು ಅಂದರೆ ಮಾಲ್‌ನೊಳಗೆ ಮಾತ್ರ. ರಸ್ತೆಯಲ್ಲಿ ಕಾಲಿಟ್ಟರೆ ಕಾರಿನ ಕಡೆಗೆ ನೋಡುತ್ತೇವೆ, ಸೈಕಲ್ ಎಂಬುದು ಲೆಕ್ಕಕ್ಕೇ ಇಲ್ಲ. ಆಮ್‌ಸ್ಟರ್‌ಡ್ಯಾಮಿಗೆ ಹೋದ ಮೊದಲ ದಿನ ಸೇತುವೆಯ ಬದಿಯಲ್ಲಿ ಕೆಂಪಗೆ ಚಂದದ ಹಾದಿ ಕಂಡಿತು. ಅದರ ಮೇಲೇ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲು ಶುರು ಮಾಡಿದೆ. ಅದು ಸೈಕಲ್ಲಿನವರ ಹಾದಿ ಅಂತ ನನ್ನ ನಕ್ಷೆಯಲ್ಲಿ ಎಲ್ಲಿ ಬರೆದಿತ್ತು?

ಟ್ರಿಣ್ ಟ್ರಿಣ್ ಅಂತ ಸೈಕಲ್ಲುಗಳು ನಮ್ಮನ್ನು ಸುತ್ತುಹಾಕಿ ಹೋಗತೊಡಗಿದವು. ನನಗೆ ಬೆವರು. ಟೀಚರಮ್ಮ ಮಾತ್ರ ಒಬ್ಬೊಬ್ಬರಿಗೂ ಕೈ ಬೀಸುತ್ತಾ ನಿಂತಿದ್ದರು.

"ಎಂಥಾ ಒಳ್ಳೇ ಜನ ಕಣ್ರೀ! ಹೋಗೋರೆಲ್ಲ ಗಂಟೆ ಹೊಡೆದು ಮಾತಾಡಿಸ್ತಾರೆ. ಇಪ್ಪತ್ತೈದು ವರ್ಷದಲ್ಲಿ ನಮ್ಮ ಮೇಲಿನ ಫ್ಲಾಟಿನವರು ಒಂದು ಸಲ ಮಾತಾಡಿಸಿಲ್ಲ."

೫. ಆ ಬಾಗಿಲು

ಮರುದಿನ ನನ್ನ ಹೆಸರುವಾಸಿ ಬಾಗಿಲಿನ ಸರದಿ. ಗಲ್ಲಿ ಸರಿ ಇತ್ತು. ಆದರೆ ಅಲ್ಲಿ ಒಂದೇ ಥರದ ನಾಲ್ಕು ಬಾಗಿಲು! ಯಾವ ಬಾಗಿಲು ಅಂತ ನಕ್ಷೆಯಲ್ಲಿ ಕಾಣುವುದಿಲ್ಲ ನೋಡಿ. ಹಿಂದೆ ಆರು ಜನ ನಂಬಿಕೆಯಿಂದ ನಿಂತಿದ್ದಾರೆ. ದೇವರ ಮೇಲೆ ಭಾರ ಹಾಕಿ ಒಂದನ್ನು ದೂಡಿದೆ.

ಒಳಗೆ ಅಂಗಳವೂ ಇಲ್ಲ, ಹೂವೂ ಇಲ್ಲ. ಒಬ್ಬ ಅಜ್ಜ ಮೇಜಿನ ಮುಂದೆ ಕೂತು ಆಲೂಗಡ್ಡೆ ಸಿಪ್ಪೆ ತೆಗೆಯುತ್ತಿದ್ದ. ಅವನೂ ನಮ್ಮನ್ನು ನೋಡಿದ, ನಾವೂ ಅವನನ್ನು ನೋಡಿದೆವು. ನಾನು ಹೇಳಿಕೊಟ್ಟಿದ್ದಂತೆ ಆರೂ ಜನ ಪಿಸುಮಾತಿನಲ್ಲಿ, "ಹಲೋ" ಅಂದರು. ಅಜ್ಜ ಒಂದು ಕ್ಷಣ ಯೋಚಿಸಿ, ಎದ್ದು ಕಾಫಿಗೆ ನೀರಿಟ್ಟ. ಎಂಥ ಪುಣ್ಯಾತ್ಮ! ಟೀಚರಮ್ಮ ಸುಮ್ಮನೆ ಕೂರುವವರಲ್ಲ, ಉಳಿದ ಆಲೂಗಡ್ಡೆಯ ಸಿಪ್ಪೆಯನ್ನೆಲ್ಲ ಅವರೇ ತೆಗೆದರು.

ಹೊರಗೆ ಬಂದ ಮೇಲೆ ಇಂಜಿನಿಯರ್ ರಾಯರು ನನ್ನ ಕೈ ಕುಲುಕಿದರು. "ಇಂಥದ್ದನ್ನ ಯಾವ ಟೂರಿನವರೂ ತೋರಿಸಲ್ಲ ಬಿಡಿ." ಆಮೇಲೆ ಮೆಲ್ಲಗೆ ಕೇಳಿದರು, "ರಾತ್ರಿ ಆ ಆಲೂಗಡ್ಡೆ ಪಲ್ಯದ ಊಟಕ್ಕೂ ಇಲ್ಲೇ ಹೇಳಿದ್ದೀರಾ?"

೬. ದಡದ ಮೇಲೆ ಬಿಟ್ಟದ್ದು

ಕೊನೆಯ ದಿನ ದೋಣಿಮನೆ. ಕಾಲುವೆಯಲ್ಲಿ ಕಟ್ಟಿಹಾಕಿದ ದೋಣಿಯಲ್ಲೇ ಸಂಸಾರ ಮಾಡುವ ಒಬ್ಬ ಅಜ್ಜಿ ತನ್ನ ಮನೆ ತೋರಿಸಲು ಒಪ್ಪಿದ್ದಳು. ನಾಳೆ ವಿಮಾನ. ಇದೊಂದು ದಾಟಿದರೆ ನನ್ನ ಗುಟ್ಟು ಗುಟ್ಟಾಗಿಯೇ ಉಳಿಯುತ್ತದೆ ಅಂತ ಒಳಗೊಳಗೇ ಖುಷಿ.

ಹಲಗೆ ದಾಟುವ ಮೊದಲು ಟೀಚರಮ್ಮ ನಿಂತರು. "ದೋಣಿಯಾದರೇನು, ಮನೆ ಮನೆಯೇ. ಚಪ್ಪಲಿ ಹಾಕ್ಕೊಂಡು ಒಳಗೆ ಹೋಗೋದಾ?"

ಎಲ್ಲರೂ ಶೂ ಬಿಚ್ಚಿದರು. ಪ್ರವಾಸಕ್ಕೆಂದೇ ಕೊಂಡ ಹೊಸ ಶೂಗಳು. ದಡದ ಮೇಲೆ ಯಾರೋ ಒಂದು ಕುರ್ಚಿ, ಒಂದು ಹಳೇ ದೀಪ ಇಟ್ಟಿದ್ದರು. ಅದರ ಪಕ್ಕದಲ್ಲೇ ಏಳೂ ಜೋಡಿಯನ್ನು ನಾನೇ ಸಾಲಾಗಿ, ಅಂದವಾಗಿ ಜೋಡಿಸಿಟ್ಟೆ.

ಮುಕ್ಕಾಲು ಗಂಟೆ ಬಿಟ್ಟು ಹೊರಗೆ ಬಂದರೆ ಕುರ್ಚಿ ಇಲ್ಲ, ದೀಪ ಇಲ್ಲ, ಆರು ಜೋಡಿ ಶೂ ಇಲ್ಲ. ಅಜ್ಜಿ ಬಾಯಿಗೆ ಕೈ ಇಟ್ಟುಕೊಂಡಳು. ಆ ಊರಿನವರು ತಮಗೆ ಬೇಡವಾದ ಸಾಮಾನನ್ನು ಮನೆಯ ಹೊರಗೆ ಚಂದವಾಗಿ ಇಡುತ್ತಾರಂತೆ. ಬೇಕಾದವರು ಒಯ್ಯುವುದು ಅಲ್ಲಿಯ ಪದ್ಧತಿಯಂತೆ. ನನ್ನ ಶೂ ಮಾತ್ರ ಇಟ್ಟಲ್ಲೇ ಇತ್ತು. ಹಾಕಿ ನೋಡಿ ಬಿಟ್ಟುಹೋದ ಹಾಗೆ ಒಂದರ ಲೇಸು ಬಿಚ್ಚಿತ್ತು.

ಕಾಲುಚೀಲದಲ್ಲಿ ನಿಂತ ರಾಯರು ಕೇಳಿದರು, "ಅಲ್ರೀ, ಇಷ್ಟು ಸಲ ಬಂದಿದ್ದೀರಿ, ಇದು ನಿಮಗೆ ಗೊತ್ತಿರಲಿಲ್ವಾ?"

ಒದ್ದೆ ಕಲ್ಲಿನ ಮೇಲೆ ಆ ವಯಸ್ಸಾದವರ ಕಾಲು ನೋಡಿ ನನಗೆ ತಡೆಯಲಾಗಲಿಲ್ಲ. ಕಣ್ಣಲ್ಲಿ ನೀರು ಬಂತು. "ತಪ್ಪಾಯ್ತು ಸಾರ್. ನಾನೂ ಇದೇ ಮೊದಲ ಸಲ ಬಂದದ್ದು. ಎಲ್ಲ ನಕ್ಷೆ ನೋಡಿ ಹೇಳಿದ್ದು" ಅಂತ ಹೇಳಿಯೇಬಿಟ್ಟೆ.

ಟೀಚರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಆಮೇಲೆ ಅವರ ಹೊಟ್ಟೆ ಕುಲುಕಲು ಶುರುವಾಯಿತು. ನಕ್ಕರು ನಕ್ಕರು, ಗಂಡನ ಭುಜ ಹಿಡಿದುಕೊಂಡು ನಕ್ಕರು. ಕಣ್ಣೊರೆಸಿಕೊಂಡು ಬ್ಯಾಗಿನಿಂದ ಮೊಬೈಲು ತೆಗೆದು ಸೊಹಾರ್‌ನಲ್ಲಿರುವ ತಂಗಿಗೆ ಅಲ್ಲಿಂದಲೇ ಫೋನ್ ಹಚ್ಚಿದರು.

"ಲೇ, ನೀವು ವೆನಿಸ್‌ಗೆ ಹೋಗಬೇಕು ಅಂತಿದ್ರಲ್ಲ, ಬೇರೆ ಯಾರನ್ನೂ ಕೇಳಬೇಡ. ನಮ್ಮ ಈ ಟ್ರಾವೆಲ್ ಆಫೀಸಿನವರನ್ನೇ ಕರ್ಕೊಂಡು ಹೋಗು... ಇಲ್ಲ ಕಣೇ, ಇವರು ಅಲ್ಲಿಗೂ ಹೋಗಿಲ್ಲ. ನಾನು ಗ್ಯಾರಂಟಿ!"