ಭೋಗ್ಯದ ಸೈಕಲ್ಲು

ನಾನು ಈಗ ಹೇಳಹೊರಟಿರುವುದು ನಡೆದದ್ದೋ ಇಲ್ಲವೋ ನನಗೇ ಸರಿಯಾಗಿ ಗೊತ್ತಿಲ್ಲ. ಇಷ್ಟನ್ನು ಮೊದಲೇ ಹೇಳಿಬಿಟ್ಟರೆ ಆಮೇಲೆ ಯಾರೂ ನನ್ನನ್ನು ದಾರಿಯಲ್ಲಿ ಹಿಡಿದು ನಿಲ್ಲಿಸಲಾರರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿದ್ದರಿಂದ ನನಗೆ ಅಂಟಿದ ರೋಗವಿದು: ಕಣ್ಣಾರೆ ಕಂಡದ್ದನ್ನೂ ಕಟಕಟೆಗೆ ಹತ್ತಿಸಿ ಪಾಟೀಸವಾಲು ಹಾಕುವುದು. ಸಾರಿಗೆ ಉಪ್ಪು ಹಾಕಿದೆನೇ ಎಂದು ಹೆಂಡತಿ ಕೇಳಿದರೆ, "ಹಾಕಿದ್ದನ್ನು ನೋಡಿದ ನೆನಪಿದೆ, ಆದರೆ ಅದು ನಿನ್ನೆಯ ನೆನಪೂ ಇರಬಹುದು" ಎನ್ನುತ್ತೇನೆ. ಅವಳು ಈಗ ನನ್ನನ್ನು ಕೇಳುವುದಿಲ್ಲ, ಅಂಗೈಗೆ ಬಿಟ್ಟುಕೊಂಡು ರುಚಿ ನೋಡುತ್ತಾಳೆ. ಹೀಗೆ ನನ್ನ ತಲೆಯಲ್ಲಿ ತೀರ್ಪಾಗದೆ ಉಳಿದ ಮೊಕದ್ದಮೆಗಳಲ್ಲೆಲ್ಲ ಹಳೆಯದು ನಮ್ಮ ಚಿಕ್ಕಮ್ಮನದು. ಮಹಾಯುದ್ಧ ಮುಗಿದ ಹೊಸದರಲ್ಲಿ ಅವಳು ಮೂಕಂಡಪಲ್ಲಿಯಿಂದ ದೆಂಕಣಿಕೋಟೆಯ ತನ್ನ ತೌರಿಗೆ ಸೈಕಲ್ ತುಳಿದುಕೊಂಡು ಹೋದಳೇ, ಇಲ್ಲವೇ?

ಸಾಲ ಮಾಡಿ ಗಾಡಿ ಕೊಳ್ಳುವುದು ಈಗ ಸಲೀಸು. ನನ್ನ ಸ್ಕೂಟರೂ ಕಂತಿನದೇ. ಹೊಸ ಗಾಡಿ ಕಂಡವರು "ಎಷ್ಟಾಯ್ತು?" ಎಂದು ಕೇಳುತ್ತಾರೆಯೇ ಹೊರತು "ಯಾರದು?" ಎಂದು ಕೇಳುವುದಿಲ್ಲ, ಅಷ್ಟರಮಟ್ಟಿಗೆ ಲೋಕ ಸಭ್ಯವಾಗಿದೆ. ಸಾಲ ಕೊಟ್ಟವರೂ ಸಭ್ಯರೇ. ತಿಂಗಳಿಗೊಮ್ಮೆ ಕಂತು ಕೇಳುತ್ತಾರೆ, ಅಷ್ಟೆ. "ಬುಧವಾರ ನಮ್ಮ ಮ್ಯಾನೇಜರು ಅತ್ತೆಯ ಮನೆಗೆ ಹೋಗಬೇಕು, ಸ್ಕೂಟರ್ ಕಳಿಸಿ" ಎಂದು ಯಾರೂ ಆಳು ಕಳಿಸಿಲ್ಲ. ನನ್ನ ಚಿಕ್ಕಪ್ಪನಿಗೆ ಆ ಭಾಗ್ಯವಿರಲಿಲ್ಲ.

ಚಿಕ್ಕಪ್ಪ ನಂಜಪ್ಪ ಹೊಸೂರಿನ ಸಣ್ಣ ಶಾಲೆಯೊಂದರಲ್ಲಿ ಮೇಷ್ಟ್ರು. ಕಂಬದ ಹಾಗೆ ಎತ್ತರದ ಆಳು; ನಮ್ಮ ಬಾಗಿಲುಗಳೆಲ್ಲ ಅವನ ಹಣೆಯನ್ನು ಬಲ್ಲವು. ಚಿಕ್ಕಮ್ಮ ಪಿಳ್ಳಮ್ಮ ಅವನ ಎದೆಯ ಮಟ್ಟಕ್ಕೆ ಬರುತ್ತಿದ್ದಳು. ಮೂಕಂಡಪಲ್ಲಿಯಲ್ಲಿ ಒಂದೇ ಅಂಗಳಕ್ಕೆ ನಮ್ಮದೊಂದು ಬಾಗಿಲು, ಅವರದೊಂದು. ಊರಿನ ಸುತ್ತ ಆಗ ರಾಗಿ, ಹುರುಳಿ ಬಿಟ್ಟರೆ ಬೇರೇನಿರಲಿಲ್ಲ. ಯುದ್ಧದುದ್ದಕ್ಕೂ ಹೊಸ ಸೈಕಲ್ ಕಣ್ಣಿಗೆ ಬಿದ್ದಿರಲಿಲ್ಲ. ಬಸ್ಸು ಇದ್ದಿಲ ಹೊಗೆಯ ಬಲದಿಂದ ಓಡುತ್ತಿತ್ತು, ಏರು ಬಂದರೆ ಪ್ರಯಾಣಿಕರ ಬಲದಿಂದ. ಇಂಥ ಕಾಲದಲ್ಲಿ ಚಿಕ್ಕಪ್ಪ ಬೆಂಗಳೂರಿಗೆ ಹೋದವನು ದಂಡುಪ್ರದೇಶದ ಅಂಗಡಿಯೊಂದರಲ್ಲಿ ಸೀಮೆಯಿಂದ ಹಡಗಿನಲ್ಲಿ ಬಂದ ಹಸಿರು ಸೈಕಲ್ ನೋಡಿಬಂದ. ಆ ರಾತ್ರಿ ಅವನು ಊಟ ಮುಟ್ಟಲಿಲ್ಲ ಎಂದು ನಮ್ಮಮ್ಮ ಹೇಳುತ್ತಿದ್ದಳು. ಮುಟ್ಟದೆ ಏನು, ಮೂರು ಮುದ್ದೆ ನುಂಗಿದ ಎಂದು ಚಿಕ್ಕಮ್ಮ. ನಾನು ಇಬ್ಬರನ್ನೂ ಪೂರ್ತಿ ನಂಬಿಲ್ಲ.

ಸೈಕಲ್ಲಿನ ಬೆಲೆ ಅವನ ಅರ್ಧ ವರ್ಷದ ಸಂಬಳ. ಮೊದಲು ಹೋದದ್ದು ಹೊಸೂರು ಪೇಟೆಯ ದಿನಸಿ ಅಂಗಡಿಯ ಚೆಟ್ಟಿಯಾರರ ಹತ್ತಿರ.

"ಬಡ್ಡಿ ಎಲ್ಲ ವೇಂಡಾಂ ವಾದ್ಯಾರೇ," ಎಂದರಂತೆ ಅವರು, ತಮ್ಮ ಅರೆ ತಮಿಳು ಅರೆ ಕನ್ನಡದಲ್ಲಿ. "ಮೇಷ್ಟ್ರ ಹತ್ರ ಬಡ್ಡಿ ವಾಂಗಿ ನಾನು ಯಾವ ನರಕಕ್ಕೆ ಹೋಗಲಿ? ಭೋಗ್ಯಕ್ಕೆ ಹಾಕಿ."

"ಭೋಗ್ಯಕ್ಕೆ ನನ್ತಾವ ಹೊಲ ಎಲ್ಲೈತೆ ಚೆಟ್ಯಾರೇ? ಎಲ್ಲಾ ನಮ್ಮಣ್ಣಯ್ಯನ ಕೈಲೈತೆ."

"ಹೊಲ ಯಾರು ಕೇಳಿದ್ದು? ಸೈಕಲ್ ವಂಡಿ ಹಾಕಿ!"

ಭೋಗ್ಯ ನಮ್ಮ ಕಡೆ ಎಲ್ಲರೂ ಬಲ್ಲ ಪದ್ಧತಿ. ಹೊಲ ಭೋಗ್ಯಕ್ಕೆ ಹಾಕಿದರೆ ಸಾಲಕ್ಕೆ ಬಡ್ಡಿಯಿಲ್ಲ. ಸಾಲ ಕೊಟ್ಟವನು ಹೊಲ ಉತ್ತು ಬೆಳೆ ತಿನ್ನುತ್ತಾನೆ, ಅಸಲು ಕೊಟ್ಟ ದಿನ ಹೊಲ ಬಿಡುತ್ತಾನೆ. ಇದನ್ನು ಸೈಕಲ್ಲಿಗೆ ಹೊಂದಿಸಿದ ಕೀರ್ತಿ ಚೆಟ್ಟಿಯಾರರದು. ಹೊಲವನ್ನಾದರೆ ಒಬ್ಬರಿಗೇ ಹಾಕಬೇಕು. ಸೈಕಲ್ಲಿಗೆ ವಾರದಲ್ಲಿ ಏಳು ದಿನ ಇವೆಯಲ್ಲ! ಸೋಮವಾರ, ಮಂಗಳವಾರ ಚೆಟ್ಟಿಯಾರರಿಗಾಯಿತು. ಬುಧವಾರ, ಗುರುವಾರವನ್ನು ಬೆಲ್ಲದ ವ್ಯಾಪಾರದ ರೆಡ್ಡಿ ಹಿಡಿದ. ಶುಕ್ರವಾರ ನಮ್ಮಪ್ಪನದು. ಅಪ್ಪನಿಗೆ ಸೈಕಲ್ ತುಳಿಯಲು ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಆದರೆ ದುಡ್ಡು ಕೊಟ್ಟ ಮೇಲೆ ಹಕ್ಕು ಬಿಡುವುದುಂಟೇ? "ನನ್ನ ದಿನ ನಮ್ಮ ಜಗಲಿ ಮುಂದೆ ನಿಂತಿರ್ಲಿ ಕಣ್ಲಾ ನಂಜ. ಓಡ್ಲೇಬೇಕು ಅಂತ ಕಾನೂನೈತಾ?" ಎಂದ. ಶುಕ್ರವಾರ ಸೈಕಲ್ ಅರಿಸಿನ ಕುಂಕುಮ ಇಟ್ಟುಕೊಂಡು ನಮ್ಮ ಮನೆಯ ಮುಂದೆ ನಿಲ್ಲುತ್ತಿತ್ತು, ಅಪ್ಪ ಹೊಲಕ್ಕೆ ನಡೆದುಕೊಂಡು ಹೋಗುತ್ತಿದ್ದ.

ಇಷ್ಟಾದರೂ ಹಣ ಸಾಲದೆ ಬಂತು. ಉಳಿದದ್ದು ಚಿಕ್ಕಮ್ಮನ ಎರಡು ಬಂಗಾರದ ಬಳೆ. ಚಿಕ್ಕಪ್ಪ ಅವನ್ನು ಕೇಳಿದ ರೀತಿಯನ್ನು ಅಂಗಳದ ಎರಡೂ ಬಾಗಿಲು ಕೇಳಿಸಿಕೊಂಡವು.

"ಏ ಪಿಳ್ಳೀ, ನಿಮ್ಮವ್ವನ ನೋಡ್ಬೇಕು ನೋಡ್ಬೇಕು ಅಂತಿದ್ದೆಯಲ್ಲ, ಬಸ್ಸು ಕಾಯೋ ಗೋಳೇ ಇಲ್ಲ. ಕ್ಯಾರಿಯರ್ ಮೇಲೆ ಕೂಡುಸ್ಕೊಂಡು ಕೋಟೆಗೆ ಕರ್ಕೊಂಡು ಹೋಗ್ತೀನಿ. ರಾಣಿ ಹಂಗೆ."

"ರಾಣಿ ಕೈ ಬರಿದಾಗಿರ್ತದಾ?" ಎಂದಳು ಚಿಕ್ಕಮ್ಮ. ಆದರೂ ಬಿಚ್ಚಿಕೊಟ್ಟಳು. ಬಳೆಗಳು ಗಿರವಿಗೆ ಹೋದವು, ಸೈಕಲ್ ಬಂತು.

ಬಂತು ಎನ್ನುವುದಕ್ಕಿಂತ ಊರಿಗೆ ಬಂತು ಎನ್ನಬೇಕು. ಚಿಕ್ಕಪ್ಪನ ಪಾಲಿಗೆ ಉಳಿದದ್ದು ಶನಿವಾರ, ಭಾನುವಾರ. ಅವನ ಶಾಲೆಗೆ ಆ ಎರಡು ದಿನವೂ ರಜ. ಉಳಿದ ಐದು ದಿನ ಅವನು ಮೊದಲಿನಂತೆ ನಡೆದೇ ಹೋಗುತ್ತಿದ್ದ. ಹಿಂದಿನಿಂದ ಗಂಟೆ ಕೇಳಿಸಿದರೆ ದಾರಿಯ ಅಂಚಿಗೆ ಸರಿದು ನಿಲ್ಲುತ್ತಿದ್ದ, ಅವನ ಸೈಕಲ್ ಅವನನ್ನು ದಾಟಿಕೊಂಡು ಹೋಗುತ್ತಿತ್ತು. ಚೆಟ್ಟಿಯಾರರು ಒಳ್ಳೆಯ ಮನುಷ್ಯ. ಒಮ್ಮೊಮ್ಮೆ ನಿಲ್ಲಿಸಿ, "ವಾಂಗೊ ವಾದ್ಯಾರೇ, ಹಿಂದೆ ಕೂತ್ಕೊಳ್ಳಿ, ಬಿಟ್ಟುಬಿಡ್ತೀನಿ" ಎನ್ನುತ್ತಿದ್ದರು. ಚಿಕ್ಕಪ್ಪ ಕೃತಜ್ಞತೆಯಿಂದ ತನ್ನ ಸೈಕಲ್ಲಿನ ಕ್ಯಾರಿಯರ್ ಹತ್ತುತ್ತಿದ್ದ. ಇದನ್ನು ನಾನೇ ಕಂಡಿದ್ದೇನೆ, ಇದರಲ್ಲಿ ಸಂಶಯವಿಲ್ಲ.

ಶನಿವಾರ ಬೆಳಿಗ್ಗೆ ಅವನ ಮೊದಲ ಕೆಲಸ ಸ್ಪ್ಯಾನರು ಹಿಡಿದು ಸೀಟನ್ನು ತನ್ನ ಎತ್ತರಕ್ಕೆ ಏರಿಸುವುದು. ಚೆಟ್ಟಿಯಾರರು ಒಂದು ಬೆರಳು ಇಳಿಸಿರುತ್ತಿದ್ದರು, ರೆಡ್ಡಿ ಎರಡು ಬೆರಳು. ಆಮೇಲೆ ಪಂಚರು. ಭಾನುವಾರವೂ ಅದರಲ್ಲೇ ಮುಗಿಯುತ್ತಿತ್ತು. ದೆಂಕಣಿಕೋಟೆ ಇದ್ದಲ್ಲೇ ಇತ್ತು.

ಅಷ್ಟರಲ್ಲಿ ಆ ಕಡೆಯ ಹುಣಸೆಹಣ್ಣಿನ ಗಾಡಿಯವನೊಬ್ಬ ಸುದ್ದಿ ತಂದ. "ನಿಮ್ಮವ್ವಂಗೆ ಒಂದು ಕಣ್ಣು ಹೋಗ್ಬುಡ್ತು ಕಣಮ್ಮ, ಇನ್ನೊಂದ್ರಾಗೂ ಮಂಜು. ಪೂರಾ ಹೋಗೋಕ್ ಮುಂಚೆ ಮಗಳ ಮಕ ನೋಡ್ಬೇಕಂತ ಅವ್ಳೆ." ಭಾನುವಾರ ಚಿಕ್ಕಪ್ಪ ಪಂಚರು ಪಕ್ಕಕ್ಕಿಟ್ಟು, ಗಾಳಿ ಹೊಡೆದು, ಚಿಕ್ಕಮ್ಮನನ್ನು ಕ್ಯಾರಿಯರ್ ಮೇಲೆ ಕೂಡಿಸಿಕೊಂಡು ಹೊರಟ. ಊರಾಚೆಯ ಹುರುಳಿ ಹೊಲದವರೆಗೆ ಹೋದರು. ಅಲ್ಲಿಂದ ಮುಂದೆ ಸೈಕಲ್ ಮಾತ್ರ ಹೋಯಿತು. ಹಿಂದೆ ಭಾರವಿದ್ದರೆ ಚಿಕ್ಕಪ್ಪನ ಕೈ ನಿಲ್ಲುವುದಿಲ್ಲ ಎಂಬುದು ಆ ಹೊತ್ತಿಗೆ ಗೊತ್ತಾಯಿತು.

ಚಿಕ್ಕಮ್ಮ ಸೀರೆಗಂಟಿದ ಹುರುಳಿ ಎಲೆ ಕಿತ್ತುಕೊಳ್ಳುತ್ತ ಅಂಗಳದಲ್ಲಿ ನಿಂತು ಕೇಳಿದಳು: "ಚೆಟ್ಯಾರ್ಗೆ ದಿನ ಐತೆ. ರೆಡ್ಡಿಗೈತೆ. ತುಳ್ಯಾಕ್ ಬರ್ದಿದ್ ಭಾವಂಗೂ ಐತೆ. ಬಳೆ ಕೊಟ್ಟೋಳು ನಾನು, ನನ್ ದಿನ ಎಲ್ಲೈತೆ?"

"ಭಾನುವಾರ ನಮ್ದೇ ಅಲ್ವಾ?"

"ನಮ್ದು ಅಂದ್ರೆ ನಿಮ್ದು."

"ಹಂಗಾದ್ರೆ ನಡ್ಕೊಂಡೇ ಹೋಗಾನ. ನಾನೂ ಬತ್ತೀನಿ."

"ಬಳೆ ಕೊಟ್ಟಿವ್ನಿ. ನಡ್ಕೊಂಡ್ ಯಾಕೆ ಹೋಗ್ಲಿ?"

ಚಿಕ್ಕಪ್ಪ ಪಕ್ಕಕ್ಕಿಟ್ಟಿದ್ದ ಪಂಚರನ್ನು ಮತ್ತೆ ಕೈಗೆತ್ತಿಕೊಂಡ.

ಆಮೇಲಿನ ಶನಿವಾರಗಳಲ್ಲಿ ಒಂದು ವಿಚಿತ್ರ ಕಾಣಿಸಿತು. ಸೈಕಲ್ ಎಂದಿನಂತೆ ಬರುತ್ತಿದ್ದುದು ಅಪ್ಪನ ಶುಕ್ರವಾರ ಮುಗಿಸಿಕೊಂಡು. ಆದರೆ ಈಗ ಸೀಟು ಪೂರ್ತಿ ತಳ ಕಂಡಿರುತ್ತಿತ್ತು. "ಅಣ್ಣಯ್ಯ ಕದ್ದು ಕಲೀತಾವ್ನೆ," ಎಂದು ಚಿಕ್ಕಪ್ಪ ನನ್ನ ಕಿವಿಯಲ್ಲಿ ಹೇಳಿದ. ಅಪ್ಪನನ್ನು ಕೇಳಿದರೆ ಮೀಸೆಯಡಿಯಲ್ಲಿ ನಕ್ಕ. ತಾನು ಮಾಡದ ಸಾಹಸವನ್ನು ಇನ್ನೊಬ್ಬರು ತನ್ನ ತಲೆಗೆ ಕಟ್ಟಿದಾಗ ಬೇಡವೆನ್ನುವ ಮನುಷ್ಯ ಎಲ್ಲಿದ್ದಾನೆ? ನಾನೂ ಬಿ.ಎ. ಆದ ಮೇಲೆ ಎಷ್ಟೋ ಓದದ ಪುಸ್ತಕಗಳ ವಿಷಯದಲ್ಲಿ ಹೀಗೇ ಮೀಸೆಯಡಿ ನಕ್ಕಿದ್ದೇನೆ.

ನಾನಾಗ ಕಾಲೇಜಿನ ರಜಕ್ಕೆ ಬಂದು ಮಲೇರಿಯಾ ಹಿಡಿಸಿಕೊಂಡು ಮಲಗಿದ್ದೆ. ಕ್ವಿನೈನ್ ನುಂಗಿ ನುಂಗಿ ಕಿವಿಯಲ್ಲಿ ಸದಾ ಗುಂಯ್ ಎನ್ನುತ್ತಿತ್ತು. ನನ್ನ ಹಾಸಿಗೆಯ ಕಿಟಕಿಯಿಂದ ನಮ್ಮ ಕಣದ ಮಣ್ಣುಗೋಡೆ ಕಾಣುತ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ, ಅಪ್ಪ ಹೊಲದಲ್ಲಿ, ಚಿಕ್ಕಪ್ಪ ಶಾಲೆಯಲ್ಲಿ ಇರುವಾಗ, ಆ ಗೋಡೆಯ ಮೇಲೆ ಚಿಕ್ಕಮ್ಮನ ತಲೆ ಕಂಡಿತು. ತಲೆ ಮಾತ್ರ. ಅದು ಕುಣಿಯದೆ, ಕುಲುಕದೆ, ನೀರಿನ ಮೇಲೆ ತೇಲಿದಂತೆ ಈ ತುದಿಯಿಂದ ಆ ತುದಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ಮತ್ತೆ ಈ ತುದಿಯಲ್ಲಿ ಹುಟ್ಟಿತು. ಅದರ ಹಿಂದೆಯೇ ನಮ್ಮಮ್ಮನ ತಲೆ, ಇದು ಏದುಸಿರಿನಲ್ಲಿ ಕುಣಿಯುತ್ತಿತ್ತು. "ಮುಂದ್ಗಡೆ ನೋಡೇ, ನನ್ನೇನ್ ನೋಡ್ತೀಯ!" "ಬುಡಬ್ಯಾಡ್ವೇ ಅಕ್ಕಾ, ಬುಡಬ್ಯಾಡ!" "ಆಗ್ಲೇ ಬುಟ್ಟಿವ್ನಿ ಕಣೇ!" ಒಂದು ಗಂಟೆಯ ಸದ್ದೂ ಕೇಳಿಸಿತು. ಅದು ಸೈಕಲ್ಲಿನದೋ ಕ್ವಿನೈನಿನದೋ, ಇವತ್ತಿಗೂ ಹೇಳಲಾರೆ. ಸಂಜೆ ಅಮ್ಮನನ್ನು ಕೇಳಿದೆ. ಅವಳು ನನ್ನ ಹಣೆ ಮುಟ್ಟಿ ನೋಡಿ, "ಇನ್ನೂ ಇಳ್ದಿಲ್ಲ ಮಗಾ, ಮಲಕ್ಕೊ" ಎಂದಳು.

ಒಂದು ಭಾನುವಾರ ಬೆಳಗಿನ ಜಾವ ಚಿಕ್ಕಪ್ಪ ಚಿಕ್ಕಮ್ಮ ಇಬ್ಬರೂ ಸೈಕಲ್ ನೂಕಿಕೊಂಡು ಹೊರಟರು. ಸೋಮವಾರ ಹೊತ್ತೇರುವ ಮುಂಚೆ ತಿರುಗಿ ಬಂದರು, ಯಾಕೆಂದರೆ ಸೋಮವಾರ ಚೆಟ್ಟಿಯಾರರದು. ಅವರು ದೆಂಕಣಿಕೋಟೆಗೆ ಹೋದದ್ದು ನಿಜ, ಅವ್ವನ ಉಳಿದ ಕಣ್ಣು ಮಗಳನ್ನು ನೋಡಿದ್ದು ನಿಜ. ಬೆಲ್ಲದ ಅಚ್ಚು, ಹಲಸಿನ ಹಪ್ಪಳ ಬಂದದ್ದಕ್ಕೆ ನನ್ನ ನಾಲಿಗೆಯೇ ಸಾಕ್ಷಿ. ಹೇಗೆ ಹೋದರು ಎಂಬುದು ಪ್ರಶ್ನೆ. "ನಾನು ತುಳ್ದೆ, ಅವ್ಳು ಹಿಂದೆ ಕೂತಿದ್ಲು" ಎಂದು ಚಿಕ್ಕಪ್ಪ. ಹುರುಳಿ ಹೊಲ ಕಂಡವರು ಇದನ್ನು ಹೇಗೆ ನಂಬುವುದು? ಚಿಕ್ಕಮ್ಮನ ಅವ್ವ ಮಾತ್ರ ಬದುಕಿರುವವರೆಗೆ ಬಂದವರಿಗೆಲ್ಲ ಹೇಳುತ್ತಿದ್ದಳಂತೆ: "ನಮ್ ಪಿಳ್ಳಿ ಕಚ್ಚೆ ಹಾಕ್ಕೊಂಡು ಸೈಕಲ್ ತುಳ್ಕೊಂಡ್ ಬಂದ್ಲು. ಅಳಿಯ ಹಿಂದ್ಗಡೆ ರಾಗಿ ಮೂಟೆ ಹಂಗೆ ಕುಂತಿದ್ದ." ಸ್ಪಷ್ಟವಾದ ಹೇಳಿಕೆ, ಆದರೆ ಸಾಕ್ಷಿಗೆ ಕಣ್ಣು ಸರಿಯಾಗಿ ಕಾಣುತ್ತಿರಲಿಲ್ಲ. ನನಗೆ ಜ್ವರ, ಅವಳಿಗೆ ಮಂಜು. ಯಾವ ನ್ಯಾಯಾಧೀಶ ಒಪ್ಪುತ್ತಾನೆ? ಚಿಕ್ಕಮ್ಮನನ್ನೇ ಕೇಳಿದರೆ, "ಓದ್ದೋನು ನೀನು, ನೀನೇ ಯೋಳಪ್ಪ" ಎಂದು ನಗುತ್ತಾಳೆ.

ಸಾಲ ನಿಧಾನವಾಗಿ ತೀರಿತು. ಚೆಟ್ಟಿಯಾರರು, ರೆಡ್ಡಿ ತಂತಮ್ಮ ದಿನಗಳನ್ನು ಬಿಟ್ಟುಕೊಟ್ಟರು. ಅಪ್ಪನಿಗೆ ದುಡ್ಡು ಕೊಡಲು ಹೋದರೆ, "ಈಗೇನ್ ಅವಸರ ಬುಡ್ಲಾ" ಎಂದು ವರ್ಷಗಟ್ಟಲೆ ಮುಟ್ಟಲಿಲ್ಲ. ಮುಟ್ಟಿದರೆ ಶುಕ್ರವಾರ ಹೋಗುತ್ತದಲ್ಲ! ಕೊನೆಗೆ ಅದೂ ತೀರಿತು. ಬಳೆ ಬಿಡಿಸಿ ತಂದ ದಿನ ಚಿಕ್ಕಮ್ಮ ಅವನ್ನು ತಿರುಗಿಸಿ ತಿರುಗಿಸಿ ನೋಡಿ, "ಬಳೆ ಬಂತು ಅಂತ ನನ್ ಭೋಗ್ಯ ಬುಡಾಕಿಲ್ಲ, ಅದು ಬ್ಯಾರೆ ಲೆಕ್ಕ" ಎಂದಳಂತೆ. ಇದನ್ನೂ ನಾನು ಕೇಳಿದ್ದಲ್ಲ, ಕೇಳಿದವರಿಂದ ಕೇಳಿದ್ದು.

ಹೋದ ತಿಂಗಳು ಕಂತಿನ ಸ್ಕೂಟರಿನಲ್ಲಿ ಊರಿಗೆ ಹೋಗಿದ್ದೆ. ಚಿಕ್ಕಪ್ಪ ಈಗ ಮುದುಕ, ಆದರೂ ಬಾಗಿಲಿಗೆ ಹಣೆ ತಾಗುತ್ತದೆ. "ನಾನೇ ಕಣ್ಲಾ ತುಳ್ದಿದ್ದು," ಎಂದ, ನಾನು ಕೇಳುವ ಮುಂಚೆಯೇ. ಚಿಕ್ಕಮ್ಮ ನನ್ನ ಸ್ಕೂಟರನ್ನು ಸುತ್ತಿ ಬಂದು, "ಚೆನ್ನಾಗೈತೆ. ಯಾವ್ಯಾವ ದಿನ ನಿಂದು?" ಎಂದಳು. ನಾನು ಸ್ಪ್ಯಾನರು ಕೇಳಿ ಇಸಿದುಕೊಂಡು ಹಳೆಯ ಸೈಕಲ್ ಇಟ್ಟಿದ್ದ ಕೊಟ್ಟಿಗೆಗೆ ಹೋದೆ. ಸಾಲವೆಲ್ಲ ತೀರಿದ ಮೇಲೆ ಆ ಸೈಕಲ್ಲನ್ನು ಚಿಕ್ಕಪ್ಪನ ಮನೆಯವರಲ್ಲದೆ ಬೇರೆ ಯಾರೂ ಮುಟ್ಟಿರಲಿಲ್ಲ, ಮನೆಯಲ್ಲಿದ್ದವರು ಇಬ್ಬರೇ. ಹಸಿರು ಬಣ್ಣ ಹೋಗಿತ್ತು. ಟೈರುಗಳು ಒಣಗಿದ ಹುಣಸೆ ತೊಗಟೆಯಂತಾಗಿದ್ದವು. ಹತ್ತಿ ಕೂತು ನೋಡಿದೆ, ಮೊಣಕಾಲು ಹ್ಯಾಂಡಲ್ಲಿಗೆ ಬಡಿಯಿತು. ಇಳಿದು ಸ್ಪ್ಯಾನರು ಹಾಕಿ ಜಗ್ಗಿದೆ, ಅಲ್ಲಾಡಲಿಲ್ಲ. ಗೋಡೆಯ ಮೇಲೆ ತೇಲಿದ ತಲೆ, ಕಿವಿಯಲ್ಲಿ ಮೊಳಗಿದ ಗಂಟೆ, ಎಲ್ಲವೂ ಕ್ವಿನೈನಿನದೇ ಇರಬಹುದು. ಆದರೆ ಸೀಟು ಪೂರ್ತಿ ತಳದಲ್ಲಿದೆ. ತುಕ್ಕು ಹಿಡಿದು ಅಲ್ಲೇ ಕಚ್ಚಿಕೊಂಡಿದೆ.