ಜಮಖಾನೆಯ ಕೆಳಗಿನ ಕನ್ಯೆಯರು

ನಡೆಯುತ್ತಿರುವ ಕಂಪ್ಯೂಟರನ್ನು ಬಂದ್ ಮಾಡದೆ ಅದರ ಡಿಸ್ಕ್ ಬದಲಿಸುವ ಗಂಡಸು ನಿಪ್ಪಾಣಿಯಿಂದ ಅಥಣಿಯವರೆಗೆ ನಾನೊಬ್ಬನೇ. ಸುಳ್ಳು. ಅಥಣಿಯಲ್ಲಿ ಇಬ್ಬರಿದ್ದಾರೆ, ಇಬ್ಬರೂ ನನಗಿಂತ ಜಾಣರು, ಅದರಲ್ಲೊಬ್ಬಳು ಹೆಂಗಸು. ಆದರೆ ಫಜೀತಿಗಳು ಮಾತ್ರ ಅವರನ್ನು ಬಿಟ್ಟು ನನ್ನ ಕೈಯಲ್ಲೇ ಆಗುತ್ತಿರುತ್ತವೆ. ಚಹಾ ಕುಡಿಯುತ್ತ ಕೇಳ್ರಿ, ಇವು ಮೂರೂ ಚಿಕ್ಕೋಡಿಯ ಒಂದೇ ವಧು-ವರ ಕೇಂದ್ರದಲ್ಲಿ ಆದವು. ಅದನ್ನು ನಡೆಸುವಾಕೆಗೆ ಎಲ್ಲರೂ ಬಾಯಾರು ಅನ್ನುತ್ತಾರೆ. ಆಕೆ "ಹೋಗಿ ನೋಡಿ ಬರ್ರಿ" ಅಂದರೆ ಸುತ್ತಲಿನ ಐದೂ ತಾಲೂಕಿನ ಜನ ಎರಡನೇ ಮಾತಿಲ್ಲದೆ ಕನ್ಯಾ ನೋಡಲು ಹೋಗುತ್ತಿದ್ದರು. ಆ ಒಂದು ಮಾತಿನ ಮೇಲೆ ಆಕೆಯ ಅಂಗಡಿ ನಿಂತಿತ್ತು.

೧. ಖಾಲಿ ಪೆನ್‌ಡ್ರೈವ್

ಡಿಸ್ಕನ್ನು ಒಂದು ಫೋಲ್ಡರಿಗೆ ಜೋಡಿಸುವುದಕ್ಕೆ ನಾವು ಮೌಂಟ್ ಅನ್ನುತ್ತೇವೆ. ತುಂಬಿದ ಫೋಲ್ಡರಿನ ಮೇಲೆ ಇನ್ನೊಂದನ್ನು ಮೌಂಟ್ ಮಾಡಿದರೆ ಚಾಪೆಯ ಮೇಲೆ ಜಮಖಾನೆ ಹಾಸಿದಂತೆ. ಚಾಪೆ ಎಲ್ಲೂ ಹೋಗಿರುವುದಿಲ್ಲ, ಕಾಣುವುದಿಲ್ಲ ಅಷ್ಟೇ.

ಒಂದು ದಿನ ಚೇಷ್ಟೆಗೆಂದು ಕನ್ಯೆಯರ ಫೋಲ್ಡರಿನ ಮೇಲೆ ಖಾಲಿ ಪೆನ್‌ಡ್ರೈವ್ ಹಾಸಿದೆ. ಬಾಯಾರು ತೆರೆದರು. ಒಬ್ಬಳೂ ಇಲ್ಲ!

"ಅಯ್ಯ ಶಿವನ, ಹುಡುಗ್ಯಾರೆಲ್ಲಾ ಎಲ್ಲಿ ಹೋದ್ರು?"

ಎದುರಿಗೆ ಹಾರೂಗೇರಿಯ ಒಬ್ಬ ಯಜಮಾನರು ಮಗನಿಗೆ ಹೆಣ್ಣು ಕೇಳಲು ಬಂದು ಕೂತಿದ್ದರು. ಪಾಪ, ರುಮಾಲು ತೆಗೆದು ಮೊಣಕಾಲಿನ ಮೇಲಿಟ್ಟುಕೊಂಡರು. "ಒಕ್ಕಲುತನ ಮಾಡೋ ಹುಡುಗಗ ಹೆಣ್ಣಿಲ್ಲಂತ ಊರ ಮಂದಿ ಅಂತಿದ್ರು. ಇವತ್ತ ಕಂಪ್ಯೂಟರೂ ಅಂತು."

ನಗುತ್ತ ಪೆನ್‌ಡ್ರೈವ್ ಕಿತ್ತೆ. ಅವರು ನಗಲಿಲ್ಲ.

೨. ಡಿಸ್ಕ್ ಬಿಡದವ

ಮುಂದಿನ ಶನಿವಾರ ನಿಜವಾದ ಕೆಲಸ. ಹಳೇ ಡಿಸ್ಕ್ ತುಂಬಿತ್ತು, ದೊಡ್ಡದು ಹಾಕಬೇಕಿತ್ತು. ಗಿರಾಕಿಗಳ ಗದ್ದಲ, ಬಂದ್ ಮಾಡುವ ಹಾಗಿಲ್ಲ. ಹಳೇ ಡಿಸ್ಕ್ ಇಳಿಸಲು ಹೋದರೆ, ಯಾರೋ ಬಳಸುತ್ತಿದ್ದಾರೆ, ಇಳಿಯುವುದಿಲ್ಲ ಅಂತು ಕಂಪ್ಯೂಟರು. ತಿರುಗಿ ನೋಡಿದರೆ ರಾಯಬಾಗದ ದ್ರಾಕ್ಷಿ ತೋಟದವನೊಬ್ಬ, ವಯಸ್ಸು ಮೂವತ್ತಾರು, ಒಂದು ಹುಡುಗಿಯ ಫೋಟೋ ತೆರೆದುಕೊಂಡು ಕೂತಿದ್ದಾನೆ.

"ಅದನ್ನ ಮುಚ್ಚರೀಪಾ, ಡಿಸ್ಕ್ ಇಳಸಬೇಕು."

"ಐದ ಮಿನಿಟ್ ತಡೀರಿ. ನಮ್ಮದಿನ್ನೂ ಮಾತ ಮುಗದಿಲ್ಲ."

ತಡೆಯುವ ಸ್ವಭಾವ ನನ್ನದಲ್ಲ. ಇಳಿಯದಿದ್ದರೆ ಬಿಡು ಅಂತ ಹೊಸ ಡಿಸ್ಕನ್ನು ಅದರ ಮೇಲೇ ಹಾಸಿ ಮನೆಗೆ ಹೋದೆ. ಚೀಲದಲ್ಲಿ ಎರಡು ಡಿಸ್ಕ್ ಇದ್ದವು. ಒಂದು ಹೊಸದು, ಇನ್ನೊಂದು ಈ ಕೇಂದ್ರದ್ದೇ ಹೋದ ವರ್ಷದ ನಕಲು. ಅವಸರದಲ್ಲಿ ನಾನು ಹಾಸಿದ್ದು ಆ ನಕಲು. ಹೋದ ವರ್ಷ ಮದುವೆಯಾಗಿ ಗಂಡನ ಮನೆ ಸೇರಿದ ಹುಡುಗಿಯರೆಲ್ಲ ಆ ಒಂದು ಕೇಬಲ್ಲಿನಿಂದ ಮತ್ತೆ ಕನ್ಯೆಯರಾದರು.

೩. ಅಕ್ಕೋಳದ ಪೋಹೆ

ಸೋಮವಾರ ರಾಯಬಾಗದವನು ತನ್ನ ಸೋದರತ್ತಿಯನ್ನು ಕರೆದುಕೊಂಡು ಬಂದ. ಅವನು ನೋಡಿದ್ದ ಹುಡುಗಿ ಪರದೆಯಲ್ಲಿಲ್ಲ. ಅತ್ತಿ ಅಕ್ಕೋಳದ ಇನ್ನೊಬ್ಬಳನ್ನು ಆರಿಸಿದಳು. ಬಾಯಾರು ಪರದೆ ನೋಡಿ, "ಹೋಗಿ ನೋಡಿ ಬರ್ರಿ" ಅಂದುಬಿಟ್ಟರು. "ನಾವ ಬರತೇವಂತ ಫೋನ ಮಾಡಬ್ಯಾಡ್ರಿ ಮತ್ತ" ಅಂದಳು ಅತ್ತಿ. "ಮದಲ ಹೇಳಿದ್ರ ಮನಿ ಸಾರಿಸಿ ಇಟ್ಟಿರ್ತಾರ. ಖರೇ ಮನಿ ಕಾಣೂದಿಲ್ಲ."

ಮುಂದಿನದು ನಾನು ಕಣ್ಣಾರೆ ಕಂಡದ್ದಲ್ಲ. ಕಂಡವರಿಗಿಂತ ಚಲೋ ಹೇಳುತ್ತೇನೆ.

ಅಕ್ಕೋಳದ ಮನೆಗೆ ತೋರಣ, ಅಂಗಳದಲ್ಲಿ ರಂಗೋಲಿ, ಒಳಗೆ ಹೋಳಿಗೆಯ ವಾಸನೆ. "ಹೇಳದ ಬಂದ್ರೂ ಎಷ್ಟ ತಯಾರಿ ನೋಡ!" ಅಂತ ಅತ್ತಿ ಕರಗಿ ನೀರಾದಳು. ಒಬ್ಬ ತರುಣ ಓಡಿ ಬಂದು ಕೈಹಿಡಿದು ಕೂಡಿಸಿ ಉಳ್ಳಾಗಡ್ಡಿ ಹಾಕಿದ ಅವಲಕ್ಕಿ, ಅಂದರೆ ಕಾಂದಾಪೋಹೆ ಕೊಟ್ಟ. ಕನ್ಯಾ ನೋಡಲು ಹೋದಲ್ಲಿ ಮೊದಲು ಬರುವುದೂ ಪೋಹೆಯೇ, ಹಾಗಾಗಿ ಸಂಶಯಕ್ಕೆ ಜಾಗವೇ ಇರಲಿಲ್ಲ.

"ನೀವ ಹುಡುಗಿಗೆ ಏನಾಗಬೇಕ್ರಿ?" ಅಂದ ರಾಯಬಾಗದವನು, ಭಾವಮೈದುನನಾಗುವವನೆಂದು ತಿಳಿದು ಸಲಿಗೆ ಬೆಳೆಸಲು.

"ಗಂಡ್ರಿ. ಇವತ್ತ ನಮ್ಮಾಕಿ ಏಳ ತಿಂಗಳ ಕುಬಸ ಅಲ್ಲಾ, ಸದಲಗಾದಿಂದ ಮುಂಜಾನೇನ ಬಂದೀನಿ. ನೀವು?"

ರಾಯಬಾಗದವನು ತಾಟು ನೋಡಿದ. "ಪೋಹೆ ಭಾಳ ಚಲೋ ಆಗ್ಯಾವ್ರಿ" ಅಂದ.

ಬಸುರಿ ಹೆಣ್ಣನ್ನು ಕನ್ಯಾ ಅಂತ ತೋರಿಸಿದ ಸುದ್ದಿ ಸಂಜೆಯೊಳಗೆ ನಿಪ್ಪಾಣಿ ದಾಟಿತು. "ವೈರಸ್ ಬಂದೈತ್ರಿ" ಅಂದೆ ನಾನು. ಬಾಯಾರು ನನ್ನ ಮೀಸೆಯನ್ನೇ ನೋಡಿದರು. "ವೈರಸ್ಸಿನ ಮೀಸಿ ಬೆಳ್ಳಗಾಗ್ಯಾವಲ್ಲ." ಆಮೇಲೆ ಸಣ್ಣ ದನಿಯಲ್ಲಿ, "ಇನ್ನ ನನ್ನ ಮಾತ ಯಾರ ನಂಬ್ತಾರ?" ಅಂದರು. ಬೈದಿದ್ದರೆ ತಡಕೊಳ್ಳುತ್ತಿದ್ದೆ. ಅವತ್ತೇ ಸರಿಯಾದ ಡಿಸ್ಕ್ ಹಾಕಿದೆ, ಕೂಲಿ ಕೇಳಲಿಲ್ಲ. ಇದು ಸುಳ್ಳಲ್ಲ.

ಮರುದಿನ ಕ್ಷಮೆ ಕೇಳಲು ಮೊದಲು ರಾಯಬಾಗಕ್ಕೆ ಹೋದೆ. ತಪ್ಪೆಲ್ಲ ನನ್ನದು, ಬಾಯಾರದ್ದಲ್ಲ ಅಂದೆ. ಅತ್ತಿ ಕೇಳಿಸಿಕೊಂಡಳು. "ಅದ ಇರಲಿ. ಆ ಗಂಡ ಭಾಳ ಸಜ್ಜನ ಮನಷ್ಯಾ. ಗುರ್ತಿಲ್ಲದವರಿಗಿ ಎರಡೆರಡ ತಾಟ ಪೋಹೆ ಕೊಟ್ಟಾನ. ಅವಗ ತಂಗಿ ಅದಾಳೇನ ಕೇಳ್ಕೊಂಡ ಬಾ."

ಸದಲಗಾದಲ್ಲಿ ಆ ಗಂಡನ ಮನೆಯ ಹೊಸ್ತಿಲಲ್ಲಿ ನಿಂತೆ. ಕಣ್ಣು ನೆಲದ ಮೇಲೆ. ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ ಮಾಫಿ ಕೇಳಿದೆ, ಅದೇ ಉಸಿರಿನಲ್ಲಿ ತಂಗಿಯನ್ನೂ ಕೇಳಿದೆ. ಅವನು ಚಾಪೆ ಹಾಸಿ ಒಳಗೆ ಕರೆದ.

"ತಂಗಿ ಅದಾಳ್ರಿ. ಬಾಯಾರು ಹೂಂ ಅಂದ್ರ ನಮ್ಮದೂ ಹೂಂ. ಆದ್ರ ಆಕಿ ಫೋಟೋ ನಿಮ್ಮ ಕಂಪ್ಯೂಟರದಾಗ ಹಾಕಬ್ಯಾಡ್ರಿ. ಆಕಿಗಿ ಎರಡ ಮಕ್ಕಳಾದಮ್ಯಾಲೆ ನೋಡಾಕ ಮತ್ಯಾರರೆ ಬಂದಾರು."

ಬಾಯಾರು ಹೂಂ ಅಂದರು. ಆ ಲಗ್ನದ ಊಟಕ್ಕೆ ನಾನು ಕಂಬದ ಹಿಂದೆ ಕೂತಿದ್ದೆ. ಈಗಲೂ ನೋಡ್ರಿ, ಈ ಹೋಟೆಲ್ಲಿನ ಗಲ್ಲಾಪೆಟ್ಟಿಗೆಯ ಮುಂದೆ ಕೂತವ ಅಕ್ಕೋಳದವ. ಅವನ ಮುಂದೆ ಹೋಗಿ ನಿಲ್ಲುವ ಮೋರೆ ನನಗಿಲ್ಲ. ನನ್ನ ಚಹಾದ ರೊಕ್ಕಾನೂ ನೀವ ಕೊಟ್ಟ ಬಿಡ್ರಿ.